ಹಾರ ಹಾಕಿದ ತಪ್ಪು ಮುಖ

ಕೊರೊನಾ ಕಳೆದು ಎರಡನೆಯ ಶ್ರಾವಣ ಅದು. ಗೋಕಾಕದ ಒಂದು ಸ್ಥಳೀಯ ಕೇಬಲ್ ವಾಹಿನಿಯಲ್ಲಿ ಸುದ್ದಿ ವಿಭಾಗದ ಮುಖ್ಯಸ್ಥೆಯಾಗಿ ನನಗೆ ಒಂಬತ್ತನೆಯ ವರ್ಷ ನಡೆದಿತ್ತು. ಮುಖ್ಯಸ್ಥೆ ಎಂಬ ಪದ ಕೇಳಿ ದೊಡ್ಡ ಕಚೇರಿಯನ್ನೇನೂ ಕಲ್ಪಿಸಿಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ಎರಡು ಕೋಣೆ, ಎರಡು ಕಂಪ್ಯೂಟರ್, ಒಬ್ಬ ಕ್ಯಾಮರಾಮನ್, ಫೋನ್ ಮತ್ತು ಜಾಹೀರಾತು ನೋಡಿಕೊಳ್ಳುವ ಶೋಭಾ, ಮತ್ತು ರಾಜೇಸಾಬ ಕಾಕಾ. ಇಷ್ಟೇ ಜನ ಸೇರಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕಿನ ಮನೆಗಳಿಗೆ ದಿನವಿಡೀ ಏನಾದರೊಂದು ತೋರಿಸುತ್ತಿದ್ದೆವು.

ಜನ ನಮ್ಮ ವಾಹಿನಿ ನೋಡುವುದು ನನ್ನ ಸುದ್ದಿಗಾಗಿ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಹಾಗೇನೂ ಇರಲಿಲ್ಲ. ಅವರು ನೋಡುತ್ತಿದ್ದುದು ನಿಧನ ಸ್ಲೈಡಿಗಾಗಿ. ಸ್ಲೈಡ್ ಎಂದರೆ ಪರದೆಯ ತುಂಬ ಅಲುಗಾಡದೆ ನಿಲ್ಲುವ ಒಂದು ಚಿತ್ರ. ನಡುವೆ ಹಾರ ಹಾಕಿದ ಫೋಟೊ, ಅದರ ಎರಡೂ ಕಡೆ ದೀಪ, ಕೆಳಗೆ ಹೆಸರು, ವಯಸ್ಸು, ಊರು, ಅಂತ್ಯಕ್ರಿಯೆ ಎಷ್ಟು ಗಂಟೆಗೆ ಎಂಬ ವಿವರ. ಹಿಂದೆ ಸಣ್ಣಗೆ ಶಹನಾಯಿ. ಕಂಪ್ಯೂಟರ್ ತಾನಾಗಿ ಒಂದರ ಹಿಂದೊಂದು ಓಡಿಸುವ ಪಟ್ಟಿಗೆ ಪ್ಲೇಲಿಸ್ಟ್ ಎನ್ನುತ್ತೇವೆ. ಅದಕ್ಕೆ ಸೇರಿಸಿಬಿಟ್ಟರೆ ಹದಿನೈದು ನಿಮಿಷಕ್ಕೊಮ್ಮೆ ಆ ಮುಖ ಮೂರು ತಾಲ್ಲೂಕಿನಲ್ಲೂ ಕಾಣಿಸಿಕೊಳ್ಳುತ್ತದೆ.

ಕೇಬಲ್ ಬರುವ ಮೊದಲು ಸಾವಿನ ಸುದ್ದಿ ಮುಟ್ಟಿಸಲು ಮನೆಯವರು ಒಬ್ಬರನ್ನು ಬಸ್ ಹತ್ತಿಸಿ ಕಳಿಸುತ್ತಿದ್ದರು. ಆಮೇಲೆ ಆಟೊಕ್ಕೆ ಮೈಕ್ ಕಟ್ಟಿಕೊಂಡು ಕೂಗುವ ಕಾಲ ಬಂತು. ಸ್ಲೈಡ್ ಬಂದ ಮೇಲೆ ಎರಡೂ ನಿಂತವು. ಮದುವೆಗೆ ಕರೆಯಲು ಈಗಲೂ ಮನೆಮನೆಗೆ ಹೋಗುತ್ತಾರೆ, ಸಾವಿಗೆ ಮಾತ್ರ ಟಿವಿಯೇ ಕರೆ. ಒಂದು ರೂಢಿ ಮಾತ್ರ ಬದಲಾಗಲಿಲ್ಲ. ಸತ್ತವರ ಮನೆಗೆ ಫೋನ್ ಮಾಡಿ "ಖರೇನ್ರಿ?" ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳುವುದು ಅಪಶಕುನವೂ ಹೌದು, ಮರ್ಯಾದೆಗೇಡೂ ಹೌದು. ಸುದ್ದಿ ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೊರಡಬೇಕು, ಅಷ್ಟೇ. ನಮ್ಮ ಸ್ಲೈಡಿಗೆ ಅಷ್ಟು ಬಲ ಬಂದದ್ದು ಈ ರೂಢಿಯಿಂದ. ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಹೆದರಬೇಕಾದ ಸಂಗತಿ ಅದು ಎಂದು ಆಗ ಹೊಳೆದಿರಲಿಲ್ಲ.

ಸ್ಲೈಡ್ ಮಾಡುತ್ತಿದ್ದವರು ರಾಜೇಸಾಬ ಕಾಕಾ. ವಯಸ್ಸು ಅರವತ್ತರ ಆಚೆ. ಹರೆಯದಲ್ಲಿ ಅಂಗಡಿಗಳ ಬೋರ್ಡು ಬರೆದವರು, ಆಮೇಲೆ ವರ್ಷಗಟ್ಟಲೆ ಆಟೊದಲ್ಲಿ ಕುಳಿತು ಮೈಕಿನಲ್ಲಿ ಸಿನಿಮಾ, ಜಾತ್ರೆ, ಸಾವು ಎಲ್ಲವನ್ನೂ ಕೂಗಿದವರು. ಕೇಬಲ್ ಬಂದು ಮೈಕಿನ ಕೆಲಸ ಹೋದಾಗ ಕೇಬಲ್ಲಿನವರ ಬಳಿಗೇ ಬಂದು ಟೈಪಿಂಗ್ ಕಲಿತರು. ನಾನು ಸಂಕೇಶ್ವರದ ಜೈನರ ಮನೆಯವಳು, ಮಾತಿನ ನಡುವೆ ಮರಾಠಿ ನುಸುಳುತ್ತಿತ್ತು. ಮೊದಲ ದಿನ ಕ್ಯಾಮರಾಕ್ಕೆ ಹೆದರಿದ್ದ ನನಗೆ ಎದುರು ಸ್ಟೂಲ್ ಹಾಕಿಕೊಂಡು ಕುಳಿತು, "ಕ್ಯಾಮರಾಕ್ಕ ಹೇಳಬ್ಯಾಡ ಸುನಂದಾ, ನನಗ ಹೇಳು" ಎಂದವರು ಅವರು. ಸುದ್ದಿ ಓದುವುದನ್ನು ನಾನು ಕಲಿತದ್ದು ಆ ಒಂದು ಮಾತಿನಿಂದ.

ಆ ವರ್ಷ ಸಂಕ್ರಾಂತಿಯ ಹೊತ್ತಿಗಾಗಲೇ ಅವರ ಕಣ್ಣು ಸೋಲುತ್ತಿದ್ದುದು ನನಗೆ ಕಂಡಿತ್ತು. ಮೂಗು ಪರದೆಗೆ ತಾಗುವಷ್ಟು ಬಗ್ಗಿ ಕೂರುತ್ತಿದ್ದರು. ಚಹಾದ ಕಪ್ಪು ಇಡಲು ಹೋಗಿ ಮೇಜಿನ ಅಂಚನ್ನು ಕೈಯಿಂದ ತಡವುತ್ತಿದ್ದರು. ಮೆಟ್ಟಿಲು ಇಳಿಯುವಾಗ ತುಟಿಯೊಳಗೇ ಎಣಿಸುತ್ತಿದ್ದರು. ಟೈಪಿಂಗ್ ಮಾತ್ರ ತಪ್ಪುತ್ತಿರಲಿಲ್ಲ, ಏಕೆಂದರೆ ಕೀಲಿಗಳು ಅವರ ಬೆರಳಿಗೇ ಗೊತ್ತಿದ್ದವು, ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ನೋಡಿಕೊಳ್ಳುತ್ತಿದ್ದರು. ಮಾಲೀಕರಿಗೆ ಹೇಳಿದೆ. ಅವರು ಜಾಣರು. "ನೀವ ಮಾತಾಡ್ರಿ ಮೇಡಂ, ನಿಮ್ಮ ಮಾತು ಕೇಳತಾರ" ಎಂದು ನನ್ನ ಕೊರಳಿಗೇ ಕಟ್ಟಿದರು.

ಮಾತನಾಡಲು ನಾನು ಎಷ್ಟು ಸಲ ಹೊರಟೆನೋ ಲೆಕ್ಕವಿಲ್ಲ. ಮನೆಯಲ್ಲಿ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡುತ್ತಿದ್ದೆ. ಕಾಕಾ, ಒಮ್ಮೆ ಕಣ್ಣು ತೋರಿಸೋಣ. ಕಾಕಾ, ಫೋಟೊದ ಕೆಲಸ ಶೋಭಾಗೆ ಕೊಡೋಣ. ಬೆಳಿಗ್ಗೆ ಅವರ ಮೇಜಿನ ಎದುರು ನಿಂತಾಗ ಅವರು ತಲೆ ಎತ್ತಿ, ನಾನಿರುವ ದಿಕ್ಕಿಗಿಂತ ಸ್ವಲ್ಪ ಬಾಜೂಕ್ಕೆ ನೋಡುತ್ತ, "ಏನವ್ವಾ, ಏನರ ಹೇಳೂದಿತ್ತೇನು?" ಎನ್ನುತ್ತಿದ್ದರು. "ಏನಿಲ್ರಿ ಕಾಕಾ, ಮೊಮ್ಮಗಳ ಪರೀಕ್ಷೆ ಹ್ಯಾಂಗಾತು?" ಎಂದು ಕೇಳಿ ಓಡಿಬರುತ್ತಿದ್ದೆ. ಅವರ ಮೊಮ್ಮಗಳ ಪರೀಕ್ಷೆಗಳ ಬಗ್ಗೆ ಅವಳ ತಾಯಿಗಿಂತ ಹೆಚ್ಚು ತಿಳಿದವಳು ನಾನಾಗಿದ್ದೆ.

ನಾಗರ ಪಂಚಮಿಯ ಮರುದಿನ ಹುಕ್ಕೇರಿಯಲ್ಲಿ ರೈತರ ಸಭೆಯೊಂದರ ಚಿತ್ರೀಕರಣವಿತ್ತು. ಬೆಳಿಗ್ಗೆಯೇ ಕ್ಯಾಮರಾಮನ್ ಜೊತೆ ಅವನ ಕಾರಿನಲ್ಲಿ ಹೋಗಿದ್ದೆ. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಮೂಡಲಗಿಯಿಂದ ಫೋನ್ ಬಂತು. ಆ ಕಡೆ ಇದ್ದವನು ಭೀಮಶಿ, ಆ ಊರಲ್ಲಿ ನಮ್ಮ ಕೇಬಲ್ ಲೈನ್ ನೋಡಿಕೊಳ್ಳುವವನು.

"ಮೇಡಂ, ನಮ್ಮ ಈರಣ್ಣನ ಫೋಟೊಕ್ಕ ಹಾರ ಹಾಕೀರಲ್ರಿ! ಏನಾತ್ರಿ ಅವಗ? ನಿನ್ನಿ ಸಂಜಿಕ ಮಾತಾಡೇನಿ ಅವನ ಜೋಡಿ."

"ಯಾವ ಈರಣ್ಣ? ಹೆಸರು ಏನ್ ಬರದೈತಿ?"

"ಹೆಸರು ಬ್ಯಾರೇ ಐತ್ರಿ. ಬಸವಣ್ಣೆಪ್ಪ ಅಂತೈತಿ, ಅಂಕಲಗಿ, ಮೂರು ಗಂಟೆಕ ಅಂತ್ಯಕ್ರಿಯೆ ಅಂತೈತಿ. ಮಾರಿ ಮಾತ್ರ ನಮ್ಮ ಈರಣ್ಣಂದು."

ಏನಾಗಿದೆ ಎಂಬುದು ಆ ಕ್ಷಣವೇ ಹೊಳೆಯಿತು. ಹಿಂದಿನ ತಿಂಗಳು ಈರಣ್ಣ ಎಂಬ ಲಾರಿ ಚಾಲಕನ ಗೆಳೆಯರು ಅವನ ಹುಟ್ಟುಹಬ್ಬಕ್ಕೆ ಶುಭಾಶಯದ ಜಾಹೀರಾತು ಕೊಟ್ಟಿದ್ದರು. ಆ ಫೋಟೊ ನಮ್ಮ ಕಂಪ್ಯೂಟರಿನಲ್ಲೇ ಉಳಿದಿತ್ತು. ಬೆಳಿಗ್ಗೆ ಅಂಕಲಗಿಯವರು ವಾಟ್ಸಾಪಿನಲ್ಲಿ ಕಳಿಸಿದ ಫೋಟೊ ಅದೇ ಫೋಲ್ಡರಿಗೆ ಬಂದು ಕುಳಿತಿತ್ತು. ಇಬ್ಬರಿಗೂ ಮೀಸೆ, ಇಬ್ಬರಿಗೂ ಬಿಳಿ ಅಂಗಿ. ಉಗುರಿನಷ್ಟು ಸಣ್ಣ ಚಿತ್ರಗಳ ಸಾಲಿನಿಂದ ಕಾಕಾ ಪಕ್ಕದ್ದನ್ನು ಒತ್ತಿದ್ದರು. ಹೆಸರು, ಊರು, ವೇಳೆ ಎಲ್ಲವೂ ಸರಿ, ಮುಖ ಒಂದೇ ತಪ್ಪು.

"ಈರಣ್ಣ ಎಲ್ಲಿ ಅದಾನ?" ಎಂದು ಕೇಳಿದೆ.

"ಸಕ್ಕರಿ ಲೋಡ್ ತಗೊಂಡು ಗೋವಾಕ್ಕ ಹೋಗ್ಯಾನ್ರಿ. ಫೋನ್ ಹತ್ತವಲ್ದು. ಹೆಂಡತಿ ಮಕ್ಕಳು ಪಂಚಮಿಗೆ ತವರಿಗೆ ಹೋಗ್ಯಾರ. ಮನ್ಯಾಗ ಅವರವ್ವ ಗಂಗವ್ವ ಒಬ್ಬಾಕಿನ. ಮೇಡಂ, ಆಕಿಗೆ ಓದಾಕ ಬರೂದಿಲ್ರಿ. ಹ್ವಾದ ವರ್ಷ ಹಾರ್ಟಿಗೆ ಸ್ಟೆಂಟ್ ಹಾಕ್ಯಾರ."

ಓದು ಬಾರದವರಿಗೆ ಫೋಟೊವೇ ಸುದ್ದಿ. ಎಷ್ಟು ವರ್ಷ ನಾನೇ ಇದನ್ನು ಜಾಹೀರಾತುದಾರರಿಗೆ ಹೇಳಿಲ್ಲ! ಆ ಹೆಣ್ಣುಮಗಳಿಗೆ ಬಸವಣ್ಣೆಪ್ಪ ಎಂಬ ಹೆಸರು ಕಾಣುವುದಿಲ್ಲ. ಅವಳಿಗೆ ಕಾಣುವುದು ಹಾರ, ದೀಪ, ನಡುವೆ ತನ್ನ ಮಗ. ಭೀಮಶಿಗೆ ಕೂಡಲೇ ಅವಳ ಮನೆಗೆ ಓಡು ಎಂದು ಹೇಳಿ ಗೋಕಾಕಕ್ಕೆ ಫೋನ್ ಮಾಡಿದೆ.

"ಕಾಕಾ, ಅಂಕಲಗಿ ಸ್ಲೈಡ್ ತಗೀರಿ. ಫೋಟೊ ತಪ್ಪೈತಿ."

"ಇಲ್ಲಲ್ಲ. ನಾನ ನೋಡಿ ಹಾಕೇನಿ."

"ತಪ್ಪೈತ್ರಿ ಕಾಕಾ. ಅದು ಮೂಡಲಗಿ ಈರಣ್ಣಂದು."

"ನೋಡೇನಿ ಅಂತ ಹೇಳಾಕತ್ತೇನಲ್ಲ!"

ಅವರು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಸಿಟ್ಟಿನ ದನಿ ಅದಾಗಿರಲಿಲ್ಲ. ಹೆದರಿದವರ ದನಿ. ನನಗೂ ಅಷ್ಟೇ ಹೆದರಿಕೆಯಾಗಿತ್ತು. "ಫೋನ್ ಶೋಭಾಗ ಕೊಡ್ರಿ" ಎಂದೆ. ಆ ಮಾತು ಅವರಿಗೆ ಚುಚ್ಚಿರಲೇಬೇಕು. ಆಮೇಲೆ ಶೋಭಾ ಬಂದು, ನೋಡಿ, "ಅಯ್ಯ ಅಕ್ಕಾ, ಹೌದ್ರಿ" ಎಂದಳು. ಸ್ಲೈಡ್ ತೆಗೆಸಿದೆ. ಹತ್ತೂವರೆಯಿಂದ ಅದು ಆರು ಸಲ ಬಂದು ಹೋಗಿತ್ತು. ಜನ ಟಿವಿಯ ಫೋಟೊ ಹೊಡೆದು ಮೊಬೈಲಿನಲ್ಲಿ ಹಂಚತೊಡಗಿದ್ದರು. ಅದನ್ನು ತೆಗೆಸುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಭೀಮಶಿ ಮತ್ತೆ ಕರೆದ. ಮನೆಗೆ ಬೀಗ. ಒಳಗೆ ಗಂಗವ್ವನ ಫೋನ್ ರಿಂಗಾಗುತ್ತಿರುವುದು ಹೊರಗೆ ಕೇಳುತ್ತಿದೆ. ಹಿಟ್ಟಿನ ಗಿರಣಿಗೆ ಹೋಗಿದ್ದಾಳೆ ಎಂದು ಪಕ್ಕದವರು ಹೇಳಿದರಂತೆ. ಗಿರಣಿಗೆ ಹೋದರೆ ಅವಳಿಲ್ಲ, ಜೋಳದ ಹಿಟ್ಟು ತುಂಬಿದ ಅವಳ ಡಬ್ಬಿ ಮಾತ್ರ ಕಟ್ಟೆಯ ಮೇಲಿದೆ. ಗಿರಣಿಯ ಗೋಡೆಗೆ ಟಿವಿ, ಟಿವಿಯಲ್ಲಿ ನಮ್ಮ ವಾಹಿನಿ.

ಗಿರಣಿಯವನು ಭೀಮಶಿಗೆ ಹೇಳಿದ್ದು ಇಷ್ಟು. ಅವನು ಹಿಟ್ಟು ಬೀಸುತ್ತಿದ್ದಾಗ ಗಂಗವ್ವ ಟಿವಿ ತೋರಿಸಿ, "ಯಾವ ಊರಾಗ ಮಣ್ಣು, ಎಷ್ಟ ಗಂಟೆಕ ಅಂತ ಬರದಾರ ನೋಡಪಾ" ಎಂದಳು. ಅವನು ಕೈ ಬಿಡುವಿಲ್ಲದೆ ಕೆಳಗಿನ ಸಾಲಿನ ಮೇಲಷ್ಟೇ ಕಣ್ಣಾಡಿಸಿ, ಅಂಕಲಗಿ, ಮೂರು ಗಂಟೆಕ ಎಂದ. ಅವಳು ಸರಿ ಎಂದಳು. ಸತ್ತವರು ಯಾರು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಳಲೂ ಇಲ್ಲ. ತುಂಬಿದ ಡಬ್ಬಿ ಬಿಟ್ಟು ನಡೆದುಬಿಟ್ಟಳು. ಬಸ್ ನಿಲ್ದಾಣದ ಹೂವಿನವಳು ಅವಳನ್ನು ಕಂಡಿದ್ದಳು. ಹನ್ನೊಂದೂಕಾಲಿನ ಗೋಕಾಕದ ಬಸ್ಸು. ಹಸಿರು ಸೀರೆ, ಕೈಯಲ್ಲಿ ಚೀಲವೂ ಇರಲಿಲ್ಲ.

ರೂಢಿಯಂತೆ ಅವಳು ಯಾರಿಗೂ ಫೋನ್ ಮಾಡಲಿಲ್ಲ, ಖರೆಯೇ ಎಂದು ಕೇಳಲಿಲ್ಲ. ಎದ್ದು ಹೊರಟಳು. ಮಗ ಹೋದದ್ದು ಗೋವಾಕ್ಕೆ, ಹೆಣ ಅಂಕಲಗಿಗೆ ಏಕೆ ಬಂತು ಎಂದೂ ಯೋಚಿಸಿರಲಿಕ್ಕಿಲ್ಲ. ಟಿವಿಯಲ್ಲಿ ಬಂದ ಮೇಲೆ ಮುಗಿಯಿತು. ಸ್ಟೆಂಟ್ ಹಾಕಿಸಿಕೊಂಡ ಎದೆ ಹೊತ್ತುಕೊಂಡು ಆ ತಾಯಿ ಮಗನ ಮಣ್ಣಿಗೆ ಒಬ್ಬಳೇ ಬಸ್ಸಿನಲ್ಲಿ ಕುಳಿತಿದ್ದಾಳೆ. ಅವಳನ್ನು ಕೂರಿಸಿದ್ದು ನಾನು. ದಾರಿಯಲ್ಲಿ ಅವಳಿಗೆ ಏನಾದರೂ ಆದರೆ ಎಂಬ ಯೋಚನೆ ಬಂದು ಹುಕ್ಕೇರಿಯ ಆ ಸಭಾಂಗಣದ ಹೊರಗೆ, ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಹನ್ನೊಂದೂಕಾಲಿನ ಬಸ್ಸು ಗೋಕಾಕ ಮುಟ್ಟುವುದು ಸುಮಾರು ಹನ್ನೆರಡೂಕಾಲಿಗೆ. ಅಲ್ಲಿ ಅವಳು ಇಳಿದು ಅಂಕಲಗಿಯ ಬಸ್ಸು ಹಿಡಿಯಬೇಕು. ನಾನು ಹುಕ್ಕೇರಿಯಲ್ಲಿ. ಶೋಭಾ ಕಚೇರಿ ಬಿಟ್ಟರೆ ಸರಿಯಾದ ಸ್ಲೈಡ್ ಹಾಕುವವರಿಲ್ಲ, ಎಡೆಬಿಡದೆ ಬರುತ್ತಿದ್ದ ಫೋನ್ ಎತ್ತುವವರಿಲ್ಲ. ಉಳಿದವರು ಒಬ್ಬರೇ.

"ಕಾಕಾ, ಆಟೊ ಮಾಡ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗ್ರಿ. ಆ ಲಾರಿ ಈರಣ್ಣನ ತಾಯಿ ಗಂಗವ್ವ, ಮಗನ ಮಣ್ಣಿಗಂತ ಮೂಡಲಗಿ ಬಸ್ಸಿಗೆ ಬರಾಕತ್ತಾಳ. ಹಸರ ಸೀರಿ, ಅರವತ್ತರ ಮ್ಯಾಲ ವಯಸ್ಸು, ಒಬ್ಬಾಕಿನ ಇರತಾಳ. ಅಂಕಲಗಿ ಬಸ್ ಹತ್ತೂದರಾಗ ಹಿಡೀರಿ."

ಅವರು ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

"ಕಾಕಾ, ಕೇಳಾಕತ್ತೀರಿಲ್ಲೋ?"

"ಕೇಳಾಕತ್ತೇನವ್ವಾ," ಎಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನನಗ ಸೀರಿ ಬಣ್ಣ ತಿಳಿಯೂದಿಲ್ಲ, ಸುನಂದಾ. ಮಾರಿ ಕಾಣೂದಿಲ್ಲ. ನಿನ್ನ ಮಾರಿನೂ ಕಾಣೂದಿಲ್ಲ. ಭಾಳ ದಿನ ಆತು."

ಆರು ತಿಂಗಳಿಂದ ನಾನು ಹೇಳಲಾರದೆ ನುಂಗಿಕೊಂಡ ಮಾತನ್ನು ಅವರೇ ಹೇಳಿಬಿಟ್ಟರು. ಅತ್ತುಬಿಡುವ ಹಾಗಾಯಿತು, ಅದಕ್ಕೆ ವೇಳೆ ಇರಲಿಲ್ಲ. ಅವರೇ ಮುಂದುವರಿದು, "ಇರಲಿ. ಹೋಗತೇನಿ. ಕಣ್ಣ ಇಲ್ಲಂದ್ರ ಬಾಯಿ ಐತಲ್ಲ" ಎಂದು ಫೋನ್ ಇಟ್ಟರು.

ನಾವು ಹುಕ್ಕೇರಿಯಿಂದ ಒಳದಾರಿ ಹಿಡಿದು ನೇರ ಅಂಕಲಗಿಗೆ ಹೊರಟೆವು. ಕಾಕಾನ ಕೈಗೆ ಸಿಗದಿದ್ದರೂ ಅಲ್ಲಿ ಅವಳನ್ನು ನಾನು ತಡೆಯಬಹುದು ಎಂಬ ಲೆಕ್ಕ. ಸಣ್ಣ ಮಳೆ ಹಿಡಿದಿತ್ತು. ರಸ್ತೆಯ ಎರಡೂ ಕಡೆ ಕಬ್ಬು, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಆ ದಾರಿಯಲ್ಲಿ ಕಳೆದ ಹೊತ್ತನ್ನು ನಾನು ಮರೆಯಲಾರೆ. ಒಂದು ಭಯದ ಹಿಂದೆ ಇನ್ನೊಂದು ಏಳುತ್ತಿತ್ತು. ಬಸ್ಸಿನಲ್ಲೇ ಅವಳ ಎದೆ ನಿಂತಿದ್ದರೆ? ಕಾಕಾ ನಿಲ್ದಾಣದಲ್ಲಿ ಬಸ್ಸಿಗೆ ಅಡ್ಡ ಬಂದಿದ್ದರೆ? ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಈರಣ್ಣ ಹೋದದ್ದು ಆಂಬೋಲಿ ಘಾಟಿನ ಮೇಲೆ, ಮಳೆಯಲ್ಲಿ, ತುಂಬಿದ ಲಾರಿಯೊಂದಿಗೆ. ಬೆಳಿಗ್ಗೆಯಿಂದ ಅವನ ಫೋನ್ ಹತ್ತಿಲ್ಲ. ನಮ್ಮ ಸ್ಲೈಡ್ ತಪ್ಪು ಎಂಬುದು ಗೊತ್ತು. ಅವನು ಸುಖವಾಗಿದ್ದಾನೆ ಎಂಬುದು ಮಾತ್ರ ಯಾರಿಗೆ ಗೊತ್ತು? ತಪ್ಪಾಗಿ ಹಾಕಿದ ಹಾರ ಖರೆ ಆಗಿಬಿಟ್ಟರೆ ಎಂದು ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಆ ಯೋಚನೆ ಅಂಕಲಗಿಯವರೆಗೂ ಬಿಡಲಿಲ್ಲ.

ಅಂಕಲಗಿಯಲ್ಲಿ ಸತ್ತ ಬಸವಣ್ಣೆಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಭಜನೆ ನಡೆದಿತ್ತು. ಅವನ ತಮ್ಮನನ್ನು ಬದಿಗೆ ಕರೆದು, ನಾನು ಯಾರು ಎಂದು ಹೇಳಿ, ಆದದ್ದನ್ನು ಹೇಳಿದೆ. ಹೊಡೆಯಲು ಬಂದರೂ ತಪ್ಪೇನಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವನು ಅತ್ತು ಕೆಂಪಾದ ಕಣ್ಣಿನಿಂದ ನನ್ನನ್ನು ನೋಡಿದ.

"ನಮ್ಮಣ್ಣ ಒಂದು ದಿನಾನೂ ಟಿವ್ಯಾಗ ಬಂದಾವಲ್ರಿ. ಇವತ್ತೊಂದು ದಿನ ಬರಬೇಕಾಗಿತ್ತು, ಅದನ್ನೂ ಬ್ಯಾರೇದವರಿಗೆ ಕೊಟ್ರಿ."

ನಾನು ತಲೆ ತಗ್ಗಿಸಿದೆ. ಆಮೇಲೆ ಅವನೇ ಹೇಳಿದ, "ಆ ಅವ್ವ ಇಲ್ಲಿಗೆ ಬಂದ್ರ ನಮ್ಮ ಹೆಣ್ಣಮಕ್ಕಳು ನೋಡ್ಕೋತಾರ. ನೀವು ಹೆದರಬ್ಯಾಡ್ರಿ." ಮನೆಯಲ್ಲಿ ಹೆಣ ಇಟ್ಟುಕೊಂಡ ಮನುಷ್ಯ ನನಗೆ ಧೈರ್ಯ ಹೇಳುತ್ತಿದ್ದ. ಅಷ್ಟರಲ್ಲಿ ಶೋಭಾ ಸರಿಯಾದ ಫೋಟೊ ಹಾಕಿ, ಕ್ಷಮೆ ಕೇಳುವ ಸಾಲನ್ನೂ ಓಡಿಸಿದ್ದಳು. ಅದನ್ನು ಅವನಿಗೆ ನನ್ನ ಫೋನಿನಲ್ಲಿ ತೋರಿಸಿದೆ. ಅಣ್ಣನ ಮುಖವನ್ನು ಅವನು ಬಹಳ ಹೊತ್ತು ನೋಡಿದ.

ಮುಖ್ಯ ರಸ್ತೆಗೆ ಹೋಗಿ ಬಸ್ಸಿಗೆ ಕಾಯುತ್ತ ನಿಂತೆ. ಕಾಕಾನ ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಗೋಕಾಕದಿಂದ ಬಂದ ಬಸ್ಸೊಂದು ನಿಂತಿತು. ಒಬ್ಬೊಬ್ಬರನ್ನೇ ನೋಡಿದೆ. ಹಸಿರು ಸೀರೆ ಇಳಿಯಲಿಲ್ಲ. ನಿರ್ವಾಹಕನನ್ನು ಕೇಳಿದೆ. "ಒಬ್ಬಾಕಿ ಇದ್ಲರಿ, ಗೋಕಾಕದಾಗ ಬಸ್ ಬಿಡೂ ಮುಂದ ಇಳಿದ್ಲು" ಎಂದ. ಇಳಿದವಳು ಹೇಗಿದ್ದಳು, ಏಕೆ ಇಳಿದಳು ಎಂದು ಕೇಳುವುದರೊಳಗೆ ಬಸ್ಸು ಹೋಗಿಬಿಟ್ಟಿತು. ಆ ರಸ್ತೆಯ ಬದಿಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಜೀವ ಕೈಯಲ್ಲಿ ಹಿಡಿದು ನಿಂತೆ.

ಗೋಕಾಕದ ನಿಲ್ದಾಣದಲ್ಲಿ ನಡೆದದ್ದನ್ನು ನನಗೆ ಆಮೇಲೆ ಕಾಕಾನೂ ಹೇಳಿದರು, ಗಂಗವ್ವನೂ ಹೇಳಿದಳು. ಕಾಕಾ ಆಟೊ ಇಳಿದಾಗ ಅಲ್ಲಿ ನೂರಾರು ಜನ. ಅವರಿಗೆ ಕಂಡದ್ದು ಅಲುಗಾಡುವ ನೆರಳುಗಳಷ್ಟೇ. ನಿಲ್ದಾಣದ ಮೈಕ್ ಕೇಳಿಕೊಂಡು ಹೋದರೆ ಬಸ್ಸು ಹೊರಟುಬಿಡುತ್ತದೆ. ಅವರು ಬಸ್ಸುಗಳು ನಿಲ್ಲುವ ಕಟ್ಟೆಯ ನಡುವೆ ನಿಂತು, ಕೈ ಬಾಯಿಗೆ ಹಿಡಿದು, ಆಟೊದಲ್ಲಿ ಸಾವು ಕೂಗುತ್ತಿದ್ದ ಅದೇ ರಾಗದಲ್ಲಿ ಶುರು ಮಾಡಿದರಂತೆ.

"ಬಂಧು ಬಳಗದವರಲ್ಲಿ ವಿನಂತಿ! ಮೂಡಲಗಿ ಗಂಗವ್ವ, ಲಾರಿ ಈರಣ್ಣನ ತಾಯಿ, ಎಲ್ಲಿದ್ರೂ ಕೇಳ್ರಿ! ಮುಂಜಾನೆ ಟಿವ್ಯಾಗ ಬಂದ ಫೋಟೊ ತಪ್ಪು! ಸತ್ತವರು ಬ್ಯಾರೇದವರು! ಫೋಟೊ ಹಾಕಿದಾವ ನಾನು, ರಾಜೇಸಾಬ! ನನಗ ಕಣ್ಣು ಕಾಣೂದಿಲ್ಲ! ತಪ್ಪು ನಂದು!"

ಮಗ ಜೀವಂತ ಇದ್ದಾನೆ ಎಂದು ಅವರು ಕೂಗಲಿಲ್ಲ. ಆಮೇಲೆ ನಾನು ಕೇಳಿದಾಗ, "ಅದು ನನಗೇನ ಗೊತ್ತಿತ್ತು? ಒಂದು ಸುಳ್ಳು ಹೇಳಿದ್ದ ಸಾಕಾಗಿತ್ತು" ಎಂದರು. ಗೊತ್ತಿದ್ದಷ್ಟನ್ನೇ ಹೇಳಬೇಕೆಂಬ ಸುದ್ದಿಯ ಮೊದಲ ನಿಯಮವನ್ನು ಆ ಹೊತ್ತಿನಲ್ಲೂ ಅವರು ಬಿಡಲಿಲ್ಲ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ತಡವುತ್ತ ಹೋಗಿ ಐದಾರು ಸಲ ಕೂಗಿದರು. ಕೆಲವರು ನಕ್ಕರಂತೆ. ಕುಡಿದಿದ್ದಾನೆ ಎಂದೂ ಅಂದರಂತೆ.

ಅಂಕಲಗಿಯ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತಿದ್ದ ಗಂಗವ್ವನಿಗೆ ತನ್ನ ಹೆಸರು ಕೇಳಿತು. ಇಳಿದು ಬಂದು ಅವರ ಎದುರು ನಿಂತಳು. ತನ್ನೆದುರು ನಿಂತವಳು ಯಾರೆಂದು ಕಾಕಾನಿಗೆ ಕಾಣಲಿಲ್ಲ, ಕೂಗುತ್ತಲೇ ಇದ್ದರು. ಅವಳು ಅವರ ತೋಳು ಹಿಡಿದಳು.

"ನಾನ ಗಂಗವ್ವ. ನನ್ನ ಮಗ ಎಲ್ಲಿ ಅದಾನ?"

"ಗೊತ್ತಿಲ್ಲವ್ವಾ," ಎಂದರು ಕಾಕಾ. "ಖರೇನ ಗೊತ್ತಿಲ್ಲ. ಫೋಟೊ ತಪ್ಪು ಅನ್ನೂದು ಅಷ್ಟ ಗೊತ್ತೈತಿ."

ಇಬ್ಬರೂ ನಿಲ್ದಾಣದ ಬೆಂಚಿನ ಮೇಲೆ ಕುಳಿತರು. ಅವಳಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಯಾರೋ ನೀರು ಕೊಟ್ಟರು, ಯಾರೋ ಪೇಪರಿನಿಂದ ಗಾಳಿ ಹಾಕಿದರು. ಕಾಕಾನ ಫೋನ್ ಅಂಗಿಯ ಜೇಬಿನಲ್ಲಿ ಹೊಡೆದುಕೊಳ್ಳುತ್ತಿತ್ತು. ಅವರು ಎತ್ತಲಿಲ್ಲ. ಒಂದು ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದರಂತೆ, ಬಿಟ್ಟರೆ ನಿಂತುಹೋದೀತು ಎಂಬ ಹೆದರಿಕೆಯಲ್ಲಿ.

ಎರಡು ಗಂಟೆ ದಾಟಿದ ಮೇಲೆ ಭೀಮಶಿಗೆ ಈರಣ್ಣ ಸಿಕ್ಕ. ಘಾಟು ಇಳಿದು, ಊಟಕ್ಕೆ ನಿಂತು, ಫೋನ್ ಚಾರ್ಜಿಗೆ ಹಾಕಿದ್ದ. ತಾಯಿಯನ್ನು ಹುಡುಕಲು ಹೋದವರು ಇವರು ಎಂದು ಭೀಮಶಿ ಅವನಿಗೆ ಕಾಕಾನ ನಂಬರು ಕೊಟ್ಟ. ಗೊತ್ತಿಲ್ಲದ ನಂಬರೊಂದು ಬಿಡದೆ ಬರುತ್ತಿದೆ ಎಂದು ಬೆಂಚಿನ ಬಳಿ ನಿಂತವರು ಓದಿ ಹೇಳಿದಾಗ ಕಾಕಾ ಎತ್ತಿದರು. ಆ ಕಡೆಯ ದನಿ ಕೇಳಿ ಫೋನನ್ನು ಗಂಗವ್ವನ ಕಿವಿಗೆ ಹಿಡಿದರು. ಅವಳು ಕೇಳಿಸಿಕೊಂಡಳು. ಫೋನನ್ನು ಕಾಕಾನ ಕಡೆ ತಳ್ಳಿ, "ನೀವ ಮಾತಾಡ್ರಿ, ನನಗ ಬಾಯಿ ಬರವಲ್ದು" ಎಂದಳು. ಆಗ ಅತ್ತಳು. ಕಾಕಾ ಫೋನಿನಲ್ಲಿ, "ತಮ್ಮಾ, ನಿನಗ ಹಾರ ಹಾಕಿದಾವ ನಾನು" ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದರು.

ಭೀಮಶಿಯ ಫೋನಿನಿಂದ ಸುದ್ದಿ ತಿಳಿದು ನಾನು ಗೋಕಾಕ ಮುಟ್ಟಿದಾಗ ಇಬ್ಬರೂ ಅದೇ ಬೆಂಚಿನ ಮೇಲಿದ್ದರು. ಗಂಗವ್ವನನ್ನು ಘಟಪ್ರಭಾದಲ್ಲಿ ವೈದ್ಯರಿಗೆ ತೋರಿಸಿ, ಇಸಿಜಿ ಸರಿ ಇದೆ ಎಂದ ಮೇಲೆ ಮೂಡಲಗಿಗೆ ಬಿಟ್ಟು ಬಂದೆವು. ಕಾರಿನಲ್ಲಿ ಅವಳು ನನಗೆ ಒಂದೇ ಮಾತು ಅಂದಳು, "ಬೈಬೇಕಂತ ಭಾಳ ಐತಿ. ಇವತ್ತ ತಾಕತ್ತಿಲ್ಲ." ದೀಪಾವಳಿಗೆ ಹೋದಾಗ ಬೈದಳು, ಮನಸಾರೆ. ಕೇಳಿಸಿಕೊಂಡೆ.

ಮರುದಿನ ಬೆಳಿಗ್ಗೆ ಕಾಕಾನ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. ಪಾತ್ರೆ ತೊಳೆಯುತ್ತ ಕಲಿತ ಒಂದು ಮಾತೂ ನೆನಪಿಗೆ ಬರಲಿಲ್ಲ.

"ಕಾಕಾ, ಇನ್ನ ಫೋಟೊ ಕೆಲಸ ನೀವು ಮಾಡೂದು ಬ್ಯಾಡ್ರಿ."

ಅವರು ಉಸಿರು ಬಿಟ್ಟರು. "ಸಂಕ್ರಾಂತಿಯಿಂದ ಕಾಯಾಕತ್ತೇನಿ, ನೀ ಯಾವಾಗ ಹೇಳತೀ ಅಂತ. ದಿನಾ ಬಂದು ನಿಂದರತಿದ್ದಿ. ನಿನ್ನ ಉಸಿರಿನ ಮ್ಯಾಲೇ ತಿಳೀತಿತ್ತು. ನಾ ಆಗಿ ಹೇಳಿದ್ರ ಪಗಾರ ಹೋಗತೈತಿ ಅಂತ ನನಗ ಹೆದರಿಕಿ. ಹೇಳಿದ್ರ ನಾ ನೊಂದ್ಕೋತೇನಿ ಅಂತ ನಿನಗ ಹೆದರಿಕಿ. ನಮ್ಮಿಬ್ಬರ ನಡುವ ಆ ಗಂಗವ್ವ ಸಿಕ್ಕೊಂಡ್ಳು."

ಕೆಲಸ ಹೋಗಲಿಲ್ಲ, ನಾನು ಹೋಗಗೊಡಲಿಲ್ಲ. ಈಗ ನಮ್ಮ ನಿಧನ ಸ್ಲೈಡಿನ ಹಿಂದೆ ಶಹನಾಯಿ ಇಲ್ಲ, ಕಾಕಾನ ದನಿ ಇದೆ. ಹೆಸರು, ಊರು, ವೇಳೆ ಎಲ್ಲವನ್ನೂ ಓದು ಬಾರದವರಿಗೂ ತಿಳಿಯುವಂತೆ ನಿಧಾನವಾಗಿ ಹೇಳುತ್ತಾರೆ. ಸ್ಲೈಡ್ ಹಾಕುವ ಮುನ್ನ ಶೋಭಾ ಅದನ್ನು ಮನೆಯವರ ಫೋನಿಗೆ ಕಳಿಸಿ, ಅವರು ಮುಖ ಸರಿ ಇದೆ ಎಂದ ಮೇಲೆಯೇ ಮುಂದಿನ ಕೆಲಸ. ಸತ್ತವರ ಮನೆಗೆ ಫೋನ್ ಮಾಡಬಾರದು ಎಂಬ ರೂಢಿಯನ್ನು ನಾವು ಮುರಿದಿದ್ದೇವೆ. ಒಬ್ಬರೂ ಬೇಸರ ಮಾಡಿಕೊಂಡಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಒಂದು ಮಾತು ಉಳಿದಿದೆ, ಬರೆಯುವಾಗಲೂ ಅದನ್ನು ಮುಂದೂಡುತ್ತಲೇ ಬಂದಿದ್ದೇನೆ. ಆ ವಾರವೇ ಕಾಕಾನನ್ನು ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಯನ್ನು ತಿಂದಿತ್ತು. ವೈದ್ಯರು ಬಹಳ ಹೊತ್ತು ನೋಡಿ, ಎಡಗಣ್ಣಿನಲ್ಲಿ ಉಳಿದ ಬೆಳಕನ್ನು ಕಾಪಾಡಬಹುದು, ಬಲಗಣ್ಣು ಇನ್ನು ಆಗದು ಎಂದರು. ಆಮೇಲೆ ಸಹಜವಾಗಿ, ಎಲ್ಲ ರೋಗಿಗಳಿಗೂ ಹೇಳುವಂತೆ, "ಒಂದ ಆರು ತಿಂಗಳು ಮೊದಲ ಬಂದಿದ್ರ ಎರಡೂ ಉಳೀತಿದ್ದೂ" ಎಂದರು.

ಹಿರಿಯರ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆ ಎಂದು ಆರು ತಿಂಗಳು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಮರ್ಯಾದೆಯಾಗಿರಲಿಲ್ಲ, ಪ್ರೀತಿಯೂ ಆಗಿರಲಿಲ್ಲ. ಬರೀ ನನ್ನ ಪುಕ್ಕಲುತನ. ಅದರ ಬೆಲೆ ತೆತ್ತದ್ದು ಅವರ ಬಲಗಣ್ಣು. ಮೂರು ತಾಲ್ಲೂಕಿಗೆ ದಿನವೂ ಸುದ್ದಿ ಹೇಳುವವಳು ಎದುರು ಕುಳಿತ ಒಬ್ಬ ಮನುಷ್ಯನಿಗೆ ಒಂದು ಮಾತು ಹೇಳಲಾರದೆ ಹೋದೆ. ಈ ವೃತ್ತಿ ನನಗೆ ಕಲಿಸಿದ ಪಾಠ ಅದೊಂದೇ, ಕಲಿಯಲು ತಡವಾಯಿತು.

ಕಾಕಾ ವೈದ್ಯರ ಮಾತನ್ನು ಕೇಳಿಯೂ ಕೇಳದವರಂತೆ ಎದ್ದರು. ಬಾಗಿಲ ಹೊರಗೆ ಮೆಟ್ಟಿಲುಗಳ ಬಳಿ ನಿಂತು, ನನ್ನ ಕಡೆ ಕೈ ಚಾಚಿದರು.

"ಎಷ್ಟ ಮೆಟ್ಟಲ ಅದಾವ, ಹೇಳು."

"ಏಳು ಅದಾವ್ರಿ ಕಾಕಾ," ಎಂದೆ, ಮತ್ತು ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತ ಅವರ ಜೊತೆ ಇಳಿದೆ.